ಹೊಳೆಯ ಹುಳುವಿಗೆ ಹೆಸರಿಟ್ಟರೆ ಸಾಕೆ?

2008ರಲ್ಲಿ ‘ಝೂಟ್ಯಾಕ್ಸಾ’ ಎಂಬ ಪ್ರಾಣಿ ವರ್ಗೀಕರಣದ ನಿಯತಕಾಲಿಕದಲ್ಲಿ ಒಂದು ಪ್ರಬಂಧ ಬಂತು. ಬರೆದವರು ಹಂಗೆರಿಯ ಯಾನೋಶ್ ಓಲಾ ಮತ್ತು ಸ್ಟಾಕ್‌ಹೋಮಿನ ನಿಸರ್ಗ ಇತಿಹಾಸ ಮ್ಯೂಸಿಯಮ್ಮಿನ ಚೆಲ್ ಆರ್ನೆ ಯೋಹಾನ್ಸನ್. ಏಷ್ಯಾ ಮತ್ತು ಆಫ್ರಿಕಾದ ಬಿಸಿನಾಡುಗಳ ತೊರೆಗಳಲ್ಲಿ ಬದುಕುವ ಕ್ಯಾಡಿಸ್ ಕೀಟಗಳ ಒಂದೇ ಒಂದು ಉಪಕುಟುಂಬವನ್ನು ಕುರಿತ ಆ ಪ್ರಬಂಧದ ಉದ್ದನೆಯ ಶೀರ್ಷಿಕೆಯಲ್ಲೇ 62 ಹೊಸ ಪ್ರಭೇದಗಳ ಘೋಷಣೆ ಇತ್ತು. ಪಶ್ಚಿಮ ಘಟ್ಟದಲ್ಲಿ ಒಂದು ಹೊಸ ಕಪ್ಪೆ ಸಿಕ್ಕಿದರೆ ನಮ್ಮ ಪತ್ರಿಕೆಗಳು ಚಿತ್ರಸಮೇತ ಸುದ್ದಿ ಮಾಡುತ್ತವೆ. ಈ ಅರವತ್ತೆರಡು ಹೊಸಬರು ಬಂದದ್ದು ಆ ವಿಷಯದ ತಜ್ಞರ ಸಣ್ಣ ಗುಂಪಿನ ಆಚೆ ಯಾರಿಗೂ ತಿಳಿಯಲಿಲ್ಲ.

ತಿಳಿಯದೆ ಹೋದದ್ದರಲ್ಲಿ ಆಶ್ಚರ್ಯವೂ ಇಲ್ಲ. ಜಗತ್ತಿನ ಕ್ಯಾಡಿಸ್ ಪ್ರಭೇದಗಳು ಸುಮಾರು 12,600 ಎಂದು ಅದೇ 2008ರಲ್ಲಿ ಪ್ರಕಟವಾದ ಒಂದು ಜಾಗತಿಕ ಸಮೀಕ್ಷೆ ಲೆಕ್ಕ ಕೊಟ್ಟಿತ್ತು. ಈಗ ಆ ಸಂಖ್ಯೆ 17,000 ದಾಟಿದೆ. ಒಟ್ಟು 50,000ದಷ್ಟು ಇರಬಹುದು ಎಂದು ಸ್ವಿಸ್ ಮೂಲದ ಫರ್ನಾಂಡ್ ಶ್ಮಿಡ್ 1984ರಲ್ಲೇ ಅಂದಾಜು ಮಾಡಿದ್ದರು. ಭಾರತ, ಶ್ರೀಲಂಕಾಗಳ ಕಾಡು ಹಳ್ಳಗಳ ಕ್ಯಾಡಿಸ್‌ಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ಮನುಷ್ಯ ಆಡಿದ ಮಾತು ಅದು, ಬಾಯಿಗೆ ಬಂದದ್ದಲ್ಲ. ಹೊಸದು ಸಿಗುವುದೇ ಇಲ್ಲಿ ನಿತ್ಯದ ಸಂಗತಿ. ಆದ್ದರಿಂದ ‘ಎಷ್ಟು ಹೊಸ ಪ್ರಭೇದ ಸಿಕ್ಕಿತು’ ಎಂದು ಕೇಳುವುದಕ್ಕಿಂತ, ಹಾಗೆ ಕೊಟ್ಟ ಹೆಸರು ಮುಂದಿನ ಸಲ ಅದೇ ತೊರೆಗೆ ಇಳಿದವರಿಗೆ ಏನು ಉಪಯೋಗಕ್ಕೆ ಬಂತು ಎಂದು ಕೇಳುವುದು ಲೇಸು. ಆಗ್ನೇಯ ಏಷ್ಯಾದ ಅನುಭವವನ್ನು ಆ ಪ್ರಶ್ನೆಗೆ ಒಡ್ಡಿದರೆ ಹೆಮ್ಮೆಪಡುವಂಥದ್ದೂ ಸಿಗುತ್ತದೆ, ಅರ್ಧಕ್ಕೆ ನಿಂತ ಕೆಲಸವೂ ಕಾಣುತ್ತದೆ.

ಪ್ರೌಢ ಕ್ಯಾಡಿಸ್ ನೋಡಲು ಸಪ್ಪೆಯಾದ ಸಣ್ಣ ಪತಂಗದಂತೆ. ರೆಕ್ಕೆಯ ಮೇಲೆ ಪತಂಗಕ್ಕಿರುವ ಹುಡಿಯ ಬದಲು ನವಿರಾದ ರೋಮ. ಕುಳಿತಾಗ ರೆಕ್ಕೆಗಳನ್ನು ಬೆನ್ನ ಮೇಲೆ ಇಳಿಜಾರಾಗಿ ಮಡಚಿಕೊಳ್ಳುತ್ತದೆ. ಎದುರಿಗೆ ಎರಡು ಉದ್ದ ಮೀಸೆ. ಚಿಟ್ಟೆ ಪತಂಗಗಳ ತೀರಾ ಹತ್ತಿರದ ಬಂಧು ಇದು. ರೇಷ್ಮೆಹುಳು ಚಂದ್ರಿಕೆಯ ಮೇಲೆ ಮಾಡುವುದನ್ನೇ ಕ್ಯಾಡಿಸ್ ಮರಿಹುಳು ನೀರಿನಡಿ ಮಾಡುತ್ತದೆ: ಬಾಯಿಯ ಬಳಿಯಿಂದ ರೇಷ್ಮೆ ನೂಲುತ್ತದೆ. ಒದ್ದೆಯಾದ ಕಲ್ಲಿಗೆ, ಹರಿಯುವ ನೀರಿನಲ್ಲೇ ಅಂಟಿಕೊಳ್ಳುವ ರೇಷ್ಮೆ. ಅದರ ಪ್ರೋಟೀನಿನಲ್ಲಿ ಫಾಸ್ಫೇಟ್ ಗುಂಪುಗಳು ದಟ್ಟವಾಗಿ ಸೇರಿಕೊಂಡಿರುವುದನ್ನು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ರಸೆಲ್ ಸ್ಟೀವರ್ಟ್ ಮತ್ತು ಸಹೋದ್ಯೋಗಿ 2010ರಲ್ಲಿ ತೋರಿಸಿಕೊಟ್ಟರು. ನೀರಿನಲ್ಲೇ ಹಿಡಿಯುವ ಗುಟ್ಟು ಅಲ್ಲಿದೆ ಎಂದು ಗೊತ್ತಾದಾಗ, ಹಸಿ ಗಾಯಕ್ಕೆ ಹಚ್ಚುವ ಅಂಟಿನ ಕನಸು ಕಂಡವರೂ ಕಿವಿ ನಿಮಿರಿಸಿದರು.

ಈ ರೇಷ್ಮೆಯಿಂದ ಆಗ್ನೇಯ ಏಷ್ಯಾದ ತೊರೆಗಳಲ್ಲಿ ಏನೇನು ಕಟ್ಟಡ ಏಳುತ್ತದೆ ಎಂಬುದನ್ನು ನೋಡಿಯೇ ನಂಬಬೇಕು. ಅನೈಸೊಸೆಂಟ್ರೋಪಸ್ ಕುಲದ ಮರಿಹುಳು ತೊರೆಗೆ ಬಿದ್ದ ಎಲೆಯಿಂದ ಎರಡು ತುಂಡು ಕತ್ತರಿಸಿಕೊಳ್ಳುತ್ತದೆ, ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡದನ್ನು ಮೇಲೆ, ಚಿಕ್ಕದನ್ನು ಕೆಳಗೆ ಇಟ್ಟು ಅಂಚು ಹೊಲಿದು ನಡುವೆ ಸೇರಿಕೊಂಡಿತೆಂದರೆ ಎಲೆಗೊಬ್ಬರದ ನಡುವೆ ಅದನ್ನು ಹುಡುಕುವುದು ಕಣ್ಣಿಗೆ ಶಿಕ್ಷೆ. ಲಿಮ್ನೊಸೆಂಟ್ರೋಪಸ್ ಅಬ್ಬರದ ನೀರಿನಲ್ಲಿರುವ ಬಂಡೆಯಿಂದ ರೇಷ್ಮೆಯ ಒಂದು ಗಟ್ಟಿ ತೊಟ್ಟು ಹೊರಡಿಸಿ, ತನ್ನ ಗೂಡನ್ನು ಅದರ ತುದಿಗೆ ಕಟ್ಟಿಕೊಂಡು, ಬರುವ ಬೇಟೆಗೆ ಕಾಲು ಚಾಚಿ ಕೂರುತ್ತದೆ. ಕಿಮಾರಾ ಕುಲದವು ಕಲ್ಲಿನ ಅಡಿಯಲ್ಲಿ ಬೆರಳಿನಾಕಾರದ ಚೀಲಬಲೆ ಹೆಣೆಯುತ್ತವೆ. ಅದರ ಕಣ್ಣುಗಳು ಎಷ್ಟು ಸಣ್ಣವೆಂದರೆ ನೀರಿನಲ್ಲಿ ತೇಲುವ ಅತಿ ಸೂಕ್ಷ್ಮ ಕಣಗಳೂ ಸಿಕ್ಕಿಬೀಳುತ್ತವೆ. ಹೈಡ್ರೊಸೈಕಿಡೆ ಕುಟುಂಬದವು ಪ್ರವಾಹಕ್ಕೆ ಎದುರಾಗಿ ಬಲೆ ಬಿಗಿದು, ಪಕ್ಕದ ಮನೆಯವನು ಒಳನುಗ್ಗಲು ಬಂದರೆ ಮುಂಗಾಲಿನಿಂದ ತಲೆಯ ಅಡಿಭಾಗವನ್ನು ಉಜ್ಜಿ ಸದ್ದು ಮಾಡಿ ಬೆದರಿಸುತ್ತವೆ. ಬಲೆಯ ಮೇಲಿನ ಹಕ್ಕಿಗಾಗಿ ಜಗಳ ಅಲ್ಲಿಯೂ ತಪ್ಪಿದ್ದಲ್ಲ.

ಹೆಲಿಕೊಸೈಕಿ ಕುಲದವು ಮರಳಿನ ಹರಳುಗಳನ್ನು ಸುರುಳಿಯಾಗಿ ಅಂಟಿಸಿ ಬಸವನಹುಳುವಿನ ಚಿಪ್ಪಿನ ಪಡಿಯಚ್ಚನ್ನೇ ಮಾಡಿಬಿಡುತ್ತವೆ. ಅಮೆರಿಕದ ಖ್ಯಾತ ಚಿಪ್ಪುತಜ್ಞ ಐಸಾಕ್ ಲೀ 1834ರಲ್ಲಿ ಟೆನೆಸಿಯಿಂದ ಬಂದ ಅಂಥ ಗೂಡುಗಳನ್ನು ಪರೀಕ್ಷಿಸಿ, ಮರಳು ಮೆತ್ತಿ ಚಿಪ್ಪನ್ನು ಬಲಪಡಿಸಿಕೊಳ್ಳುವ ಹೊಸ ಬಗೆಯ ಬಸವನಹುಳು ಎಂದು ತಿಳಿದು ‘ವಾಲ್ವಾಟಾ ಅರೆನಿಫೆರಾ’ ಎಂದು ಹೆಸರಿಟ್ಟ. ಅವನ ಕಣ್ಣು ಚುರುಕಾಗಿಯೇ ಇತ್ತು. ಕೈಯಲ್ಲಿದ್ದದ್ದು ಮನೆ ಮಾತ್ರ, ಒಳಗಿನ ಜೀವ ಮುಂದೆ ಏನಾಗುತ್ತದೆ ಎಂದು ನೋಡುವ ಅವಕಾಶ ಇರಲಿಲ್ಲ. ಈ ಪ್ರಸಂಗವನ್ನು ನಗುವುದಕ್ಕಾಗಿ ಹೇಳುವವರು ಹೆಚ್ಚು. ಆದರೆ ಇಂದಿನ ಕ್ಯಾಡಿಸ್ ವಿಜ್ಞಾನ ಸಿಕ್ಕಿಕೊಂಡಿರುವ ಇಕ್ಕಟ್ಟು ಅದರದೇ ತಲೆಕೆಳಗಾದ ರೂಪ: ಲೀ ಬಳಿ ಗೂಡಿತ್ತು, ಪ್ರೌಢ ಕೀಟ ಇರಲಿಲ್ಲ, ಈಗಿನವರ ಬಳಿ ಪ್ರೌಢ ಕೀಟ ಇದೆ, ಗೂಡಿನಲ್ಲಿದ್ದ ಮರಿಹುಳು ಯಾವುದೆಂದು ಗೊತ್ತಿಲ್ಲ.

ಹಾಗೇಕೆ ಎಂದರೆ ಹಿಡಿಯುವ ವಿಧಾನವೇ ಅಂಥದ್ದು. ಥಾಯ್ಲೆಂಡಿನ ಚಿಯಾಂಗ್ ಮಾಯ್ ಪಕ್ಕದ ದೋಯ್ ಸುತೇಪ್ ಬೆಟ್ಟದಲ್ಲೋ 2,565 ಮೀಟರ್ ಎತ್ತರದ ದೋಯ್ ಇಂತನೊನ್ ಇಳಿಜಾರಿನಲ್ಲೋ ಸಂಜೆ ತೊರೆಯ ದಂಡೆಗೆ ಬರುವ ಸಂಶೋಧಕರ ಸಾಮಾನು ಬಹಳ ಸರಳ: ಒಂದು ಬ್ಯಾಟರಿ, ಅತಿನೇರಳೆ ಬೆಳಕಿನ ಒಂದು ಟ್ಯೂಬು, ಸಾಬೂನು ನೀರೋ ಆಲ್ಕೊಹಾಲೋ ತುಂಬಿದ ಒಂದು ಅಗಲ ತಟ್ಟೆ. ಕತ್ತಲಾದ ಮೇಲೆ ಮೊದಲ ಒಂದೆರಡು ಗಂಟೆಯಲ್ಲಿ ಕೀಟಗಳು ಮುತ್ತುತ್ತವೆ. ತಿಂಗಳುಗಟ್ಟಲೆ ನೀರಿನಡಿ ಬೆಳೆದ ಮರಿ ಕೋಶಾವಸ್ಥೆ ಮುಗಿಸಿ, ಗೂಡನ್ನು ಕತ್ತರಿಸಿಕೊಂಡು ಮೇಲಕ್ಕೆ ಈಜಿ, ರೆಕ್ಕೆ ಬಿಚ್ಚಿಕೊಂಡ ಮೇಲೆ ಉಳಿಯುವ ಆಯುಸ್ಸು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಅದರಲ್ಲಿ ಒಂದಿಷ್ಟು ಜೀವಗಳು ತಟ್ಟೆಯಲ್ಲಿ ಮುಗಿಯುತ್ತವೆ. ಬೆಳಗ್ಗೆ ತಟ್ಟೆಯನ್ನು ಸೋಸಿ ಶೀಶೆಗೆ ತುಂಬಿ, ಸ್ಥಳ, ಎತ್ತರ, ತಾರೀಖು ಬರೆದ ಚೀಟಿಯನ್ನು ಒಳಗೇ ಹಾಕಿದರೆ ಕಾಡಿನ ಕೆಲಸ ಮುಗಿಯಿತು. ಒಂದೇ ರಾತ್ರಿಯಲ್ಲಿ ಇಷ್ಟು ಕೊಡುವ ಬೇರೆ ವಿಧಾನವಿಲ್ಲ. ಆದರೆ ಬೆಳಕಿಗೆ ಹಾರಿ ಬಂದ ಕೀಟ ತಾನು ಯಾವ ಕಲ್ಲಿನಡಿ ಬೆಳೆದೆ, ಈ ತೊರೆಯಲ್ಲೋ ಅತ್ತಲಿನ ಕಣಿವೆಯಲ್ಲೋ ಎಂಬುದನ್ನು ಹೇಳುವುದಿಲ್ಲ.

ಮುಂದಿನ ಕೆಲಸ ಸೂಕ್ಷ್ಮದರ್ಶಕದ ಕೆಳಗೆ. ಗಂಡು ಕೀಟಗಳನ್ನು ಬೇರ್ಪಡಿಸಿ, ಹೊಟ್ಟೆಯ ತುದಿಯನ್ನು ಕತ್ತರಿಸಿ, ಕಾಸ್ಟಿಕ್ ಪೊಟ್ಯಾಶ್ ದ್ರಾವಣದಲ್ಲಿ ಬೆಚ್ಚಗೆ ನೆನೆಸಿಡುತ್ತಾರೆ. ಕೆಲವರು ಲ್ಯಾಕ್ಟಿಕ್ ಆಮ್ಲ ಬಳಸುತ್ತಾರೆ. ಸ್ನಾಯು, ಕೊಬ್ಬು ಎಲ್ಲ ಕರಗಿ ಕಂದು ಬಣ್ಣದ ಖಾಲಿ ಕವಚ ಉಳಿಯುತ್ತದೆ. ಅದನ್ನು ಗ್ಲಿಸರಿನ್ ಹನಿಯಲ್ಲಿಟ್ಟು ತಿರುಗಿಸುತ್ತ ಪಕ್ಕದಿಂದ, ಮೇಲಿನಿಂದ, ಕೆಳಗಿನಿಂದ ಚಿತ್ರ ಬರೆಯಬೇಕು. ಹೆಣ್ಣನ್ನು ಹಿಡಿದುಕೊಳ್ಳುವ ಎರಡು ಗೆಣ್ಣಿನ ಇಕ್ಕಳಗಳು, ಅವುಗಳ ತುದಿಗೆಣ್ಣು ಚೂಪೋ ಮೊಂಡೋ, ಹತ್ತನೆಯ ಖಂಡದ ಅಂಚಿನಲ್ಲಿ ಸೀಳಿದೆಯೋ ಇಲ್ಲವೋ, ಲಿಂಗಾಂಗದ ತುದಿ ಎತ್ತ ಬಾಗಿದೆ: ಕೂದಲೆಳೆಯಷ್ಟು ಅಂತರದ ಇಂಥ ಗುರುತುಗಳ ಮೇಲೆ ಒಂದು ಪ್ರಭೇದದ ಅಸ್ತಿತ್ವ ನಿಂತಿರುತ್ತದೆ. ರೆಕ್ಕೆಯ ಬಣ್ಣ ಹೆಚ್ಚಿನ ಸಲ ಕೆಲಸಕ್ಕೆ ಬಾರದು, ಆಲ್ಕೊಹಾಲಿನಲ್ಲಿ ಅದೂ ಮಾಸುತ್ತದೆ. ಹೆಣ್ಣನ್ನು ಗುರುತಿಸುವುದು ಎಷ್ಟೋ ಕುಲಗಳಲ್ಲಿ ಇಂದಿಗೂ ಆಗದ ಮಾತು. ಹಾಗಾಗಿ ಶೀಶೆಯ ಅರ್ಧ ಕೀಟಗಳು ಹೆಸರಿಲ್ಲದೆ ಹಿಂತಿರುಗುತ್ತವೆ.

ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆ ಕೇಳುವುದಾದರೂ ಎಷ್ಟು? ಬೇರೆ ಪ್ರಭೇದಗಳಿಂದ ಬೇರ್ಪಡಿಸುವ ವಿವರಣೆ, ಹೆಸರನ್ನು ಹೊರುವ ಒಂದು ಆಧಾರ ಮಾದರಿ, ಆ ಮಾದರಿಯನ್ನು ಎಲ್ಲಿ ಇಡಲಾಗುತ್ತದೆ ಎಂಬ ಹೇಳಿಕೆ, ಸರಿಯಾದ ಪ್ರಕಟಣೆ. 2012ರಿಂದ ಇ-ಪ್ರಕಟಣೆಯೂ ಸಲ್ಲುತ್ತದೆ, ಪ್ರಾಣಿಹೆಸರುಗಳ ದಾಖಲೆಪಟ್ಟಿಯಾದ ಝೂಬ್ಯಾಂಕಿನಲ್ಲಿ ನೋಂದಣಿ ಇದ್ದರೆ. ಮರಿಹುಳು ಹೇಗಿದೆ, ಏನು ತಿನ್ನುತ್ತದೆ, ಎಂಥ ನೀರು ಬೇಕು ಎಂದು ಸಂಹಿತೆ ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ; ಅದು ಹೆಸರಿನ ಕಾನೂನು, ಜೀವನಚರಿತ್ರೆಯದಲ್ಲ. ತೊಂದರೆ ಆಗುವುದು ವಿಜ್ಞಾನಿಗಳೂ ಅಷ್ಟಕ್ಕೇ ನಿಂತಾಗ.

ಇತಿಹಾಸ ನೋಡಿದರೆ ಅಷ್ಟನ್ನು ಮಾಡುವುದೇ ಎಷ್ಟು ಕಷ್ಟ ಎಂಬುದು ಗೊತ್ತಾಗುತ್ತದೆ. 1928–29ರಲ್ಲಿ ಆಗುಸ್ಟ್ ಟೀನೆಮನ್ ಮುಂತಾದ ಮಧ್ಯ ಯುರೋಪಿನ ಸರೋವರ ವಿಜ್ಞಾನಿಗಳ ತಂಡ ಜಾವಾ, ಸುಮಾತ್ರಾ, ಬಾಲಿಗಳ ಕೆರೆ ತೊರೆಗಳನ್ನು ಜಾಲಾಡಿತು. ಅವರು ತಂದ ಕ್ಯಾಡಿಸ್‌ಗಳು ಹ್ಯಾಂಬರ್ಗಿನ ಗೇಯೋರ್ಗ್ ಉಲ್ಮರ್ ಕೈಗೆ ಬಂದವು. ಆತ ವೃತ್ತಿಯಲ್ಲಿ ಶಾಲಾ ಮಾಸ್ತರ. ಕ್ಯಾಡಿಸ್ ಅಭ್ಯಾಸ ಪಾಠ ಮುಗಿದ ಮೇಲಿನ ಹೊತ್ತಿನದು. ಸುಂದಾ ದ್ವೀಪಗಳ ಕ್ಯಾಡಿಸ್‌ಗಳ ಮೇಲಿನ ಅವನ ದೊಡ್ಡ ಗ್ರಂಥದ ಮೊದಲ ಭಾಗ ಹೊರಬಂದದ್ದು 1951ರಲ್ಲಿ. ನಡುವೆ ಒಂದು ಮಹಾಯುದ್ಧವೇ ಆಗಿಹೋಗಿತ್ತು. ಆದರೆ ಯುದ್ಧವನ್ನೊಂದೇ ದೂರುವಂತಿಲ್ಲ. ಒಂದು ಮಾದರಿಯನ್ನು ಸಂಗ್ರಹಿಸಿದ ದಿನಕ್ಕೂ ಅದಕ್ಕೆ ಹೊಸ ಹೆಸರು ಬೀಳುವ ದಿನಕ್ಕೂ ನಡುವೆ ಸರಾಸರಿ ಸುಮಾರು 21 ವರ್ಷ ಕಳೆಯುತ್ತದೆ ಎಂದು ಬೆನುವಾ ಫೊಂಟೆನ್ ಮತ್ತು ಸಂಗಡಿಗರು 2012ರಲ್ಲಿ ಎಲ್ಲ ಬಗೆಯ ಜೀವಿಗಳ ಲೆಕ್ಕ ಹಾಕಿ ತೋರಿಸಿದರು. ಶೀಶೆಗಳು ಕಾಯುತ್ತಿರುತ್ತವೆ, ಅಷ್ಟರಲ್ಲಿ ತೊರೆಯ ಮೇಲಿನ ಕಾಡು ಎಣ್ಣೆತಾಳೆ ತೋಟವಾಗಿರುತ್ತದೆ.

ಈ ಹಿನ್ನೆಲೆಯಲ್ಲಿ ನೋಡಿದರೆ ಆಸ್ಟ್ರಿಯಾದ ಹಾನ್ಸ್ ಮಾಲಿಕಿಯ ಅವಸರಕ್ಕೆ ಅರ್ಥ ಬರುತ್ತದೆ. ಆಲ್ಪ್ಸ್ ತಪ್ಪಲಿನ ಲುಂಟ್ಸ್ ಎಂಬ ಸಣ್ಣ ಊರಿನಿಂದ ಕೆಲಸ ಮಾಡಿದ ಈತ ಏಷ್ಯಾ ಮತ್ತು ಯುರೋಪಿನಿಂದ ಸಾವಿರಕ್ಕೂ ಹೆಚ್ಚು ಕ್ಯಾಡಿಸ್ ಪ್ರಭೇದಗಳನ್ನು ಹೆಸರಿಸಿದವರು. ಕ್ಯಾಡಿಸ್‌ಗಳಿಗೇ ಮೀಸಲಾದ ‘ಬ್ರಾವೆರಿಯಾ’ ಪತ್ರಿಕೆಯನ್ನೂ ಅಲ್ಲಿಂದಲೇ ನಡೆಸಿದರು. ಚಿಯಾಂಗ್ ಮಾಯ್ ವಿಶ್ವವಿದ್ಯಾಲಯದ ಪೋರ್ನ್‌ಟಿಪ್ ಚಂತರಮೊಂಗ್‌ಕೊಲ್ ಅವರೊಡನೆ ಸೇರಿ ಥಾಯ್ಲೆಂಡಿನ ತೊರೆಗಳನ್ನು ಒಂದೊಂದಾಗಿ ಪರಿಶೀಲಿಸಿ, ಪ್ರಬಂಧದ ಮೇಲೆ ಪ್ರಬಂಧ ಬರೆದರು. ಒಂದು ಪ್ರಭೇದಕ್ಕೆ ಕೆಲವೇ ಸಾಲಿನ ವಿವರಣೆ, ಜೊತೆಗೆ ಖಚಿತವಾದ ರೇಖಾಚಿತ್ರ, ಮುಗಿಯಿತು. ಇಷ್ಟೊಂದು ಹೆಸರು ಎಲ್ಲಿಂದ ತರುವುದು? ಪುರಾಣಗಳಿಂದ. ಥಾಯ್ ನದಿಯ ಒಂದು ಕೀಟ ಗ್ರೀಕ್ ದುರಂತನಾಯಕಿಯ ಹೆಸರು ಹೊತ್ತು ‘ಪೊಟಮಿಯಾ ಫೈಡ್ರಾ’ ಆಯಿತು, ಇನ್ನೊಂದು ರೋಮನ್ ಹೆಸರು ಪಡೆದು ‘ಹೈಡ್ರೊಸೈಕಿ ಕಮಿಲ್ಲಸ್’. ಆ ತೊರೆಯ ದಡದ ಕರೆನ್ ಅಥವಾ ಹ್ಮಾಂಗ್ ರೈತನಿಗೆ ಇವು ಯಾರೆಂದು ಗೊತ್ತಿರಲಾರದು. ಹೆಸರು ಎಲ್ಲಿಯದಾದರೇನು ಎನ್ನಬಹುದು. ನಿಜ, ಕೀಟಕ್ಕೆ ಅದರ ಹಂಗಿಲ್ಲ.

2010ರಲ್ಲಿ ಚಿಯಾಂಗ್ ಮಾಯ್ ವಿಶ್ವವಿದ್ಯಾಲಯ ಮಾಲಿಕಿಯವರ ‘ಆಗ್ನೇಯ ಏಷ್ಯಾದ ಕ್ಯಾಡಿಸ್‌ಗಳ ಅಟ್ಲಾಸ್’ ಪ್ರಕಟಿಸಿತು. ಮಾತು ಕಡಿಮೆ, ಪುಟದ ಮೇಲೆ ಪುಟ ಗಂಡು ಕೀಟಗಳ ರೇಖಾಚಿತ್ರ. ಅಲ್ಲಿಯವರೆಗೆ ಜರ್ಮನ್, ಫ್ರೆಂಚ್, ಇಂಗ್ಲಿಷ್, ರಷ್ಯನ್ನುಗಳ ಹತ್ತಾರು ಹಳೆಯ ಸಂಪುಟಗಳಲ್ಲಿ ಚದುರಿಹೋಗಿದ್ದನ್ನು ಬ್ಯಾಂಕಾಕಿನ ಅಥವಾ ಹನೋಯಿಯ ಎಂ.ಎಸ್‌ಸಿ. ವಿದ್ಯಾರ್ಥಿ ಒಂದೇ ಪುಸ್ತಕದಲ್ಲಿ ನೋಡುವಂತಾಯಿತು. ಚುಟುಕು ವಿವರಣೆ ಬರೆಯುವವರನ್ನು ಮೂಗು ಮುರಿದು ನೋಡುವವರು ಈ ಒಂದು ಪುಸ್ತಕದ ಎದುರು ತುಸು ತಗ್ಗಬೇಕು. ಪ್ರತಿಯೊಂದಕ್ಕೂ ಹತ್ತು ಪುಟ ಬರೆಯಲು ಕುಳಿತಿದ್ದರೆ ಈ ಅಟ್ಲಾಸ್ ಇಂದಿಗೂ ಬರುತ್ತಿರಲಿಲ್ಲ.

ಆದರೂ ಆ ಅಟ್ಲಾಸ್ ಹಿಡಿದು ತೊರೆಗೆ ಇಳಿದವನಿಗೆ ಏನಾಗುತ್ತದೆ? ಕಲ್ಲೆತ್ತಿ ನೋಡಿದರೆ ಅಲ್ಲಿರುವುದು ಮರಿಹುಳು. ಪುಸ್ತಕದಲ್ಲಿರುವುದು ಗಂಡು ಪ್ರೌಢ. ಎರಡಕ್ಕೂ ನಡುವೆ ಸೇತುವೆ ಇಲ್ಲ. ಆಗ್ನೇಯ ಏಷ್ಯಾದ ಬಹುಪಾಲು ಪ್ರಭೇದಗಳ ಮರಿಹುಳು ಯಾವುದೆಂದು ಇನ್ನೂ ಗೊತ್ತಾಗಿಲ್ಲ. ವರ್ಷದ ಹೆಚ್ಚಿನ ಕಾಲ ಆ ಜೀವ ಮರಿಹುಳುವಾಗಿಯೇ ಇರುತ್ತದೆ. ತಿನ್ನುವುದು, ತಿನ್ನಿಸಿಕೊಳ್ಳುವುದು, ಕೊಳೆನೀರಿಗೆ ಸಾಯುವುದು ಎಲ್ಲ ಆ ಅವಸ್ಥೆಯಲ್ಲೇ.

ಇದು ಪಂಡಿತರ ತಕರಾರಲ್ಲ. ನೀರಿನ ಗುಣ ಅಳೆಯುವವರಿಗೆ ಇದು ನೇರವಾಗಿ ತಟ್ಟುತ್ತದೆ. ತೊರೆಯ ಕೀಟಗಳನ್ನು ನೋಡಿ ನೀರಿನ ಆರೋಗ್ಯ ಹೇಳುವ ಪದ್ಧತಿ ಬ್ರಿಟನ್ನಿನಲ್ಲಿ 1970ರ ದಶಕದ ಕೊನೆಯ ಹೊತ್ತಿಗೆ ಒಂದು ಅಂಕಪಟ್ಟಿಯ ರೂಪ ಪಡೆಯಿತು. ಕೀಟ ಮುಂತಾದ ತೊರೆಜೀವಿಗಳ ಕುಟುಂಬಗಳಿಗೆ 1ರಿಂದ 10ರವರೆಗೆ ಅಂಕ. ಶುದ್ಧ ನೀರಿಲ್ಲದೆ ಬದುಕದವಕ್ಕೆ 10. ಗೂಡು ಕಟ್ಟುವ ಕ್ಯಾಡಿಸ್ ಕುಟುಂಬಗಳಲ್ಲಿ ಹಲವಕ್ಕೆ ಪೂರ್ಣಾಂಕ, ಬಲೆ ನೇಯುವ ಹೈಡ್ರೊಸೈಕಿಡೆಗೆ 5. ಚಿಯಾಂಗ್ ಮಾಯ್ ಮೂಲಕ ಹರಿಯುವ ಪಿಂಗ್ ನದಿಗೆ ಈ ಪಟ್ಟಿಯನ್ನು ಹೊಂದಿಸಿಕೊಂಡ ಅಧ್ಯಯನವೊಂದು 2002ರಲ್ಲಿ ಬಂತು, ಥಾಯ್ ಸಂಶೋಧಕರು ಅದನ್ನೇ ಮುಂದುವರಿಸಿದರು. ಬ್ರಿಟನ್ನಿನಲ್ಲಿ ಇಲ್ಲವೇ ಇಲ್ಲದ ಸ್ಟೆನೊಸೈಕಿಡೆಯಂಥ ಕುಟುಂಬಗಳಿಗೆ ಎಷ್ಟು ಅಂಕ ಎಂಬ ಪ್ರಶ್ನೆ ಸಹಜವಾಗಿಯೇ ಎದುರಾಗುತ್ತದೆ. ಅದಕ್ಕಿಂತ ಆಳದ ತೊಡಕು ಆ ‘5’ರಲ್ಲಿದೆ. ಹೈಡ್ರೊಸೈಕಿಡೆ ಒಳಗೇ ಡಿಪ್ಲೆಕ್ಟ್ರೋನಾ ಕುಲದವು ಕಾಡಿನ ನೆರಳಿನ ತಣ್ಣನೆಯ ಸಣ್ಣ ಹಳ್ಳಗಳಲ್ಲಿ ಇರುವಂಥವು. ಪೊಟಮಿಯಾ ಬಯಲಿನ ದೊಡ್ಡ, ಕದಡಿದ ನದಿಗಳ ನಿವಾಸಿ. ಎರಡಕ್ಕೂ ಒಂದೇ ಅಂಕ ಕೊಟ್ಟರೆ, ಕಾಡು ಕಡಿದು ಹಳ್ಳ ಬೆಚ್ಚಗಾಗಿ ಒಂದರ ಜಾಗಕ್ಕೆ ಇನ್ನೊಂದು ಬಗೆಯದು ಬಂದರೂ ವರದಿಯಲ್ಲಿ ಅಂಕ ಕದಲುವುದಿಲ್ಲ. ಕುಲದ ಮಟ್ಟಕ್ಕೆ ಇಳಿದರೆ ಸ್ವಲ್ಪ ಕಾಣುತ್ತದೆ. ಒಂದೇ ಕುಲದ ಎರಡು ಪ್ರಭೇದಗಳ ನಡುವಿನ ವ್ಯತ್ಯಾಸ ಕಾಣಬೇಕಾದರೆ ಮರಿಹುಳುವಿಗೆ ಹೆಸರು ಬೇಕೇ ಬೇಕು.

ಮೆಕಾಂಗ್ ನದಿ ಆಯೋಗ ತನ್ನ ನಾಲ್ಕು ಸದಸ್ಯ ದೇಶಗಳಾದ ಲಾವೊಸ್, ಥಾಯ್ಲೆಂಡ್, ಕಾಂಬೋಡಿಯಾ, ವಿಯೆಟ್ನಾಂಗಳಲ್ಲಿ 2004ರಿಂದ ಜೈವಿಕ ಪರೀಕ್ಷೆ ನಡೆಸುತ್ತಿದೆ. ದಂಡೆಯ ಕೀಟಗಳೂ ತಳದ ಜೀವಿಗಳೂ ಅದರ ಭಾಗ. ಅದೇ ಅವಧಿಯಲ್ಲಿ ನದಿಯ ಮೈ ಬದಲಾಗುತ್ತ ಬಂದಿದೆ: ಲಾವೊಸಿನ 1,285 ಮೆಗಾವಾಟ್‌ನ ಸಾಯಬುರಿ ಅಣೆಕಟ್ಟು 2019ರ ಅಕ್ಟೋಬರಿನಲ್ಲಿ ವಿದ್ಯುತ್ ಮಾರಾಟ ಶುರು ಮಾಡಿತು. ಹರಿವಿಗೆ ಬಲೆ ಒಡ್ಡಿ ಬದುಕುವ ಹುಳುವಿಗೆ ನಿಂತ ನೀರು ಎಂದರೆ ಉಪವಾಸ. ಅಣೆಕಟ್ಟಿನ ಹಿಂದಿನ ನೀರಿನಲ್ಲಿ ಮುಳುಗಿದ ಬಂಡೆಸಾಲುಗಳಲ್ಲಿ ಎಷ್ಟು ಪ್ರಭೇದ ಇದ್ದವು, ಎಷ್ಟು ಹೋದವು ಎಂಬುದನ್ನು ‘ಹೈಡ್ರೊಸೈಕಿಡೆ, ಇಷ್ಟು ಮರಿಹುಳು’ ಎಂಬ ದಾಖಲೆಯಿಂದ ಯಾರೂ ಹಿಂದಿರುಗಿ ಕಂಡುಹಿಡಿಯಲಾರರು.

ಇಲ್ಲಿ ಒಂದು ಪ್ರಬಲ ವಾದ ಎದುರು ನಿಲ್ಲುತ್ತದೆ: ಇಷ್ಟೆಲ್ಲ ಪಾಡೇಕೆ, ಡಿಎನ್‌ಎ ಇದೆಯಲ್ಲ? ಮೈಟೊಕಾಂಡ್ರಿಯದ ಸಿಒಐ ಎಂಬ ಜೀನಿನ 658 ಅಕ್ಷರಗಳ ತುಣುಕನ್ನು ಓದಿದರೆ ಗಂಡು, ಹೆಣ್ಣು, ಮರಿ ಯಾವುದಾದರೂ ಸರಿ, ಒಂದೇ ಪ್ರಭೇದದವು ಒಟ್ಟಿಗೆ ಬಂದು ಕೂರುತ್ತವೆ. ಚೀನಾದ ಹೈಡ್ರೊಸೈಕಿಡೆಗಳಲ್ಲಿ ಮರಿಹುಳು ಮತ್ತು ಪ್ರೌಢಗಳನ್ನು ಡಿಎನ್‌ಎ ಆಧಾರದಿಂದ ಜೋಡಿಸಬಹುದೆಂದು ಶಿನ್ ಝೌ, ಕಾರ್ಲ್ ಕ್ಯೇರ್, ಜಾನ್ ಮೋರ್ಸ್ 2007ರಲ್ಲೇ ತೋರಿಸಿದ್ದಾರೆ. ಜಗತ್ತಿನ ಕ್ಯಾಡಿಸ್‌ಗಳಿಗೆಲ್ಲ ಈ ತುಣುಕನ್ನು ‘ಬಾರ್‌ಕೋಡ್’ ಎಂದು ಕೂಡಿಸುವ ದೊಡ್ಡ ಯೋಜನೆಯೇ ನಡೆದಿದೆ. ಕೆನಡಾದ ಗ್ವೆಲ್ಫ್‌ನಲ್ಲಿರುವ ಬಾರ್‌ಕೋಡ್ ಕೋಠಿ ಹೆಸರಿಲ್ಲದ ಗುಂಪುಗಳಿಗೂ ಸಂಖ್ಯೆ ಕೊಡುತ್ತದೆ. ಹಾಗಾದರೆ ಸಂಖ್ಯೆ ಸಾಲದೆ, ಲ್ಯಾಟಿನ್ ಹೆಸರಿನ ಹೊರೆ ಏಕೆ?

ವಾದದ ಅರ್ಧ ಸರಿ. ಮರಿ-ಪ್ರೌಢ ಜೋಡಣೆಗೆ ಇದಕ್ಕಿಂತ ವೇಗದ ಉಪಾಯ ಇಲ್ಲ, ಅದನ್ನು ಬಳಸದಿರುವುದು ಹಟಮಾರಿತನ. ಆದರೆ ಉಲ್ಮರ್ 1951ರಲ್ಲಿ ವಿವರಿಸಿದ ಜಾವಾದ ಪ್ರಭೇದ ಯಾವ ಸಂಖ್ಯೆಯ ಗುಂಪು? ಅವನ ಪುಸ್ತಕದಲ್ಲಿ ಡಿಎನ್‌ಎ ಇಲ್ಲ, ಚಿತ್ರ ಇದೆ. ಚಿತ್ರಕ್ಕೂ ಸಂಖ್ಯೆಗೂ ಗಂಟು ಹಾಕಲು ಆ ಗಂಡು ಕೀಟದ ಹೊಟ್ಟೆಯ ತುದಿಯನ್ನು ಓದಬಲ್ಲ ಕಣ್ಣು ಬೇಕು. ಅದಿಲ್ಲದೆ ಹೋದರೆ ನೂರು ವರ್ಷದ ಹಳೆಯ ದಾಖಲೆಗಳು ಒಂದು ಕಡೆ, ಹೊಸ ಸಂಖ್ಯೆಗಳು ಇನ್ನೊಂದು ಕಡೆ. ಒಂದು ನದಿಯಲ್ಲಿ ಹಿಂದೆ ಏನಿತ್ತು, ಈಗ ಏನಿಲ್ಲ ಎಂಬ ಪ್ರಶ್ನೆಗೆ ಉತ್ತರ ಆ ಗಂಟಿನಲ್ಲಿಯೇ ಇದೆ.

ಹೆಸರಿನಿಂದಲೇ ಪ್ರಭೇದ ಉಳಿಯುತ್ತದೆ ಎಂಬ ಇನ್ನೊಂದು ತುದಿಯ ನಂಬಿಕೆಯೂ ಪರೀಕ್ಷೆಗೆ ನಿಲ್ಲುವುದಿಲ್ಲ. 2018ರಲ್ಲಿ ಮಲೇಷ್ಯಾದ ಸಬಾ ರಾಜ್ಯದ ಮಾಲಿಯಾವ್ ಕಣಿವೆಯಲ್ಲಿ ಸಿಕ್ಕ ಒಂದು ನೀರುಜೀರುಂಡೆಗೆ ನಟ ಲಿಯೊನಾರ್ಡೊ ಡಿಕಾಪ್ರಿಯೊ ಹೆಸರಿಟ್ಟರು, ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. 2021ರಲ್ಲಿ ಕೊಸೊವೊದ ಹಲೀಲ್ ಇಬ್ರಾಹಿಮಿ ಮತ್ತು ಸಂಗಡಿಗರು ಒಂದು ಕ್ಯಾಡಿಸ್‌ಗೆ ‘ಪೊಟಮೊಫೈಲಾಕ್ಸ್ ಕೊರೊನಾವೈರಸ್’ ಎಂದು ಹೆಸರಿಟ್ಟಾಗ ಸುದ್ದಿ ಇನ್ನೂ ಜೋರಾಯಿತು. ಆ ಕೀಟ ಸಿಕ್ಕ ಬೆಟ್ಟದ ನದಿ ಜಲವಿದ್ಯುತ್ ಕಾಮಗಾರಿಗಳಿಂದ ಹದಗೆಟ್ಟಿದೆ ಎಂಬುದು ಅವರು ಒತ್ತಿ ಹೇಳಿದ ಮಾತು. ಸುದ್ದಿಯಾದದ್ದು ಹೆಸರು. ಇಷ್ಟಾದರೂ ಆ ಹೆಸರಿನ ಗಿಮಿಕ್ಕನ್ನು ತಪ್ಪು ಎನ್ನಲಾಗದು: ಹೆಸರಿಲ್ಲದ ಹುಳುವಿಗಾಗಿ ಯಾವ ನ್ಯಾಯಾಲಯಕ್ಕೆ ಅರ್ಜಿ ಹಾಕುವುದು? ಹೆಸರು ಬಾಗಿಲು ತೆರೆಯುತ್ತದೆ. ಒಳಗೆ ಹೇಳಲು ಹುಳುವಿನ ಬದುಕಿನ ಸಂಗತಿಗಳಿದ್ದರೆ ಮಾತ್ರ ಮಾತಿಗೆ ಬಲ ಬರುತ್ತದೆ.

ಆ ಸಂಗತಿಗಳನ್ನು ಕೂಡಿಸುವವರು ಯಾರು? ಎರಡು ವಾರದ ವೀಸಾದಲ್ಲಿ ಬಂದ ವಿದೇಶಿ ತಜ್ಞ ದೀಪ ಹಚ್ಚಿ ಪ್ರೌಢಗಳನ್ನು ಹಿಡಿಯಬಲ್ಲ. ಮರಿಹುಳು ಕೋಶವಾಗುವ ತನಕ ಕಾಯಲಾರ. ಈಗ ಅವನ ದಾರಿ ಕಾನೂನಿನಿಂದಲೂ ಬಿಗಿಯಾಗಿದೆ. ಒಂದು ದೇಶದ ಜೈವಿಕ ಸಂಪತ್ತನ್ನು ಬಳಸಲು ಆ ದೇಶದ ಒಪ್ಪಿಗೆ ಕೇಳುವ, 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದದಲ್ಲಿ ಲಾವೊಸ್, ವಿಯೆಟ್ನಾಂ, ಇಂಡೊನೇಷ್ಯಾಗಳು ಸೇರಿವೆ. ಭಾರತದ 2002ರ ಜೀವವೈವಿಧ್ಯ ಕಾಯ್ದೆಯ 39ನೆಯ ಕಲಮು, ಯಾರೇ ಹೊಸ ಜೀವಿಯನ್ನು ಕಂಡುಹಿಡಿದರೂ ನಿಗದಿತ ಸಂಗ್ರಹಾಲಯಕ್ಕೆ ತಿಳಿಸಿ ಮಾದರಿಯನ್ನು ಅಲ್ಲಿ ಇಡಬೇಕು ಎನ್ನುತ್ತದೆ. ಇಂಥ ನಿಯಮಗಳ ಕಾಗದಪತ್ರಕ್ಕೆ ವಿಜ್ಞಾನಿಗಳು ಹಲ್ಲು ಕಡಿಯುವುದುಂಟು. ಅನುಮತಿಗಾಗಿ ತಿಂಗಳುಗಟ್ಟಲೆ ಅಲೆಯುವುದು ನಿಜಕ್ಕೂ ಹಿಂಸೆ. ಆದರೆ ಉಲ್ಮರ್‌ನ ಮಾದರಿ ನೋಡಲು ಇಂಡೊನೇಷ್ಯಾದ ವಿದ್ಯಾರ್ಥಿ ಹ್ಯಾಂಬರ್ಗಿಗೆ ಟಿಕೆಟ್ ತೆಗೆಸಬೇಕಾದ ಸ್ಥಿತಿಯೂ ಹಿಂಸೆಯೇ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಮಾದರಿ ತೊರೆಯ ದೇಶದಲ್ಲೇ ಉಳಿಯುವುದು ಹೆಚ್ಚು ನ್ಯಾಯ.

ಕರ್ನಾಟಕದ ಓದುಗರಿಗೆ ಇದು ದೂರದ ಕತೆ ಎನಿಸಬೇಕಾಗಿಲ್ಲ. ಹಿಂದೆ ಹೇಳಿದ ಸ್ಟೆನೊಸೈಕಿಡೆ ಕುಟುಂಬದ ಸ್ಟೆನೊಸೈಕಿ ಕುಲ ಹಿಮಾಲಯದಿಂದ ಥಾಯ್ಲೆಂಡ್ ಹಾದು ಜಪಾನಿನವರೆಗೆ ಹರಡಿದೆ. ಜಪಾನಿನ ನಗಾನೊ ಪ್ರಾಂತದಲ್ಲಿ ಅದರ ಮರಿಹುಳುಗಳನ್ನು ಚಳಿಗಾಲದಲ್ಲಿ ಹಿಡಿದು, ಸೋಯಾ ಸಾಸ್ ಮತ್ತು ಸಕ್ಕರೆಯಲ್ಲಿ ಬೇಯಿಸಿ ‘ಝಾಝಾಮುಶಿ’ ಎಂದು ತಿನ್ನುತ್ತಾರೆ. ಅದೇ ಕುಲದ ಒಂದು ಪ್ರಭೇದ ದಕ್ಷಿಣದಲ್ಲಿ, ಕೊಡೈಕೆನಾಲಿನ ಹೆಸರು ಹೊತ್ತು, ಪಳನಿ ಬೆಟ್ಟಗಳಲ್ಲಿದೆ, 1980ರಲ್ಲಿ ವಿವರಿಸಿದ್ದು. ಬೆಂಗಳೂರಿನ ಏಟ್ರೀ ಸಂಸ್ಥೆ 2007ರಲ್ಲಿ ಕೆ.ಎ. ಸುಬ್ರಮಣಿಯನ್ ಮತ್ತು ಕೆ.ಜಿ. ಶಿವರಾಮಕೃಷ್ಣನ್ ಬರೆದ ನೀರಿನ ಕೀಟಗಳ ಕೈಪಿಡಿ ಹೊರತಂದಿತು. ನಮ್ಮ ಕಾಲೇಜು ವಿದ್ಯಾರ್ಥಿಗಳು ಹಳ್ಳಕ್ಕೆ ಇಳಿಯಲು ಅದು ಒಳ್ಳೆಯ ಜೊತೆಗಾರ. ಆದರೆ ಅಲ್ಲಿಯೂ ಗುರುತಿಸುವಿಕೆ ಹೆಚ್ಚಾಗಿ ಕುಟುಂಬ, ಕುಲಗಳ ಹಂತದಲ್ಲಿ ನಿಲ್ಲುತ್ತದೆ. ಕಾರಣ ಮೆಕಾಂಗಿನಲ್ಲಿರುವುದೇ.

ಮರಿಯನ್ನೂ ಪ್ರೌಢವನ್ನೂ ಜೋಡಿಸಲು ದುಬಾರಿ ಪ್ರಯೋಗಾಲಯ ಇಲ್ಲದ ದಾರಿಯೊಂದು ಬಹಳ ಹಿಂದಿನಿಂದ ಇದೆ. ಅಮೆರಿಕದ ಮಾರ್ಜರಿ ಮಿಲ್ನ್ 1938ರಲ್ಲೇ ಅದನ್ನು ವಿವರಿಸಿದರು. ಕ್ಯಾಡಿಸ್ ಮರಿಹುಳು ಕೋಶವಾಗುವಾಗ ಗೂಡಿನ ಬಾಯಿ ಮುಚ್ಚಿಕೊಂಡು ಒಳಗೇ ಪೊರೆ ಬಿಡುತ್ತದೆ. ಆ ಪೊರೆಯ ತಲೆ, ಎದೆಯ ಗಟ್ಟಿ ಫಲಕಗಳು ಗೂಡಿನ ಹಿಂಬದಿಯಲ್ಲಿ ಮುದ್ದೆಯಾಗಿ ಉಳಿದಿರುತ್ತವೆ. ಹೊರಬರಲು ಸಿದ್ಧವಾದ ಗಂಡು ಕೋಶವೊಂದನ್ನು ಅದೇ ಹೊತ್ತಿಗೆ ಕಿತ್ತು ತಂದು ಬಿಚ್ಚಿದರೆ, ಕೋಶದ ತೆಳು ಚರ್ಮದೊಳಗೆ ಪ್ರೌಢ ಗಂಡಿನ ಇಕ್ಕಳಗಳು ಪೂರ್ತಿ ರೂಪುಗೊಂಡು ಕಾಣುತ್ತವೆ, ಪಕ್ಕದಲ್ಲೇ ಅದರ ಮರಿತನದ ಪೊರೆ. ಒಂದೇ ಗೂಡಿನಲ್ಲಿ ಎರಡೂ ಸಾಕ್ಷಿ. ಬೇಕಾದದ್ದು ಒಂದು ಚಿಮುಟ, ಒಂದು ಸೂಕ್ಷ್ಮದರ್ಶಕ, ಮತ್ತು ಯಾವ ತಿಂಗಳಲ್ಲಿ ಕೋಶಗಳು ಹಣ್ಣಾಗುತ್ತವೆ ಎಂದು ತಿಳಿಯುವಷ್ಟು ಕಾಲ ಅದೇ ತೊರೆಗೆ ಹೋಗಿಬರುವ ಕಾಲುಗಳು. ಅಂಥ ಕಾಲುಗಳು ಇರುವುದು ಹತ್ತಿರದ ಊರಿನ ಕಾಲೇಜಿನಲ್ಲಿ.

ಥಾಯ್ಲೆಂಡಿನಲ್ಲಿ ಇದು ಶುರುವಾಗಿದೆ. ಕಸೆತ್ಸಾತ್ ವಿಶ್ವವಿದ್ಯಾಲಯದ ತ್ಯಾಂಗ್-ಒನ್ ಪ್ರೊಮ್ಮಿ ಹೈಡ್ರೊಸೈಕಿಡೆ ಮರಿಹುಳುಗಳ ವಿವರಣೆಗಳನ್ನು ಪ್ರಕಟಿಸಿದ್ದಾರೆ. ದಕ್ಷಿಣದ ಸೂರತ್ ಥಾನಿಯಲ್ಲಿ ಪೊಂಗ್‌ಸಾಕ್ ಲಾವ್‌ಡಿ ಮಾಲಿಕಿಯವರ ಜೊತೆಗೂಡಿ ಹೊಸ ಪ್ರಭೇದಗಳನ್ನು ಬರೆದಿದ್ದಾರೆ. ಹೊರಗಿನವರು ಶುರು ಮಾಡಿದ ಕೆಲಸ ಒಳಗಿನವರ ಕೈಗೆ ಬಂದಿದೆ. ಆದರೆ ಇಂಥ ಕೆಲಸಕ್ಕೆ ವಿಶ್ವವಿದ್ಯಾಲಯಗಳು ಕೊಡುವ ಬೆಲೆ ಕಡಿಮೆ. ಹೊಸ ಪ್ರಭೇದ ಎಂದರೆ ಸುದ್ದಿಯಾದರೂ ಆಗುತ್ತದೆ. ಹಳೆಯ ಪ್ರಭೇದದ ಮರಿಹುಳು ಸಿಕ್ಕಿತು ಎಂದರೆ ಯಾರಿಗೆ ಬೇಕು? ವರ್ಗೀಕರಣದ ಪ್ರಬಂಧವನ್ನು ದಿನವೂ ಬಳಸುವವರು ಅದನ್ನು ತಮ್ಮ ಉಲ್ಲೇಖಪಟ್ಟಿಯಲ್ಲಿ ಸೇರಿಸುವುದೇ ಇಲ್ಲ. 2020ರಲ್ಲಿ ‘ಝೂಟ್ಯಾಕ್ಸಾ’ದ ಇಂಪ್ಯಾಕ್ಟ್ ಫ್ಯಾಕ್ಟರನ್ನೇ, ಅಂದರೆ ಉಲ್ಲೇಖಗಳನ್ನು ಎಣಿಸಿ ಪತ್ರಿಕೆಗೆ ಕೊಡುವ ಅಂಕವನ್ನೇ, ಕಿತ್ತುಹಾಕಿದರು. ಆ ಪತ್ರಿಕೆಯಲ್ಲಿ ಅದೇ ಪತ್ರಿಕೆಯ ಹಳೆಯ ಲೇಖನಗಳ ಉಲ್ಲೇಖ ಹೆಚ್ಚಾಯಿತು ಎಂಬುದು ಆರೋಪ. ವರ್ಗೀಕರಣಕಾರರು ಹಿಂದಿನ ವಿವರಣೆಗಳನ್ನು ಉಲ್ಲೇಖಿಸದೆ ಮತ್ತೇನು ಮಾಡಬೇಕು? ಜಗತ್ತಿನೆಲ್ಲೆಡೆಯಿಂದ ಪ್ರತಿಭಟನೆ ಬಂದ ಮೇಲೆ ಕೆಲವೇ ವಾರಗಳಲ್ಲಿ ಅಂಕವನ್ನು ಹಿಂತಿರುಗಿಸಿದರು. ಬಡ್ತಿಗೆ ಅಂಕ ಎಣಿಸುವ ಪ್ರಾಧ್ಯಾಪಕರಿಗೆ ಸಂದೇಶವಂತೂ ತಲುಪಿತ್ತು.

ಪರಿಹಾರಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಸಂಶೋಧನೆಗೆ ಹಣ ಕೊಡುವವರು, ಅಣೆಕಟ್ಟಿನ ಪರಿಸರ ವರದಿಗೆ ಹಣ ತೆರುವ ಕಂಪನಿಗಳೂ ಸೇರಿ, ಹೊಸ ಪ್ರಭೇದದ ವಿವರಣೆಗೆ ಎಷ್ಟು ಮಾನ್ಯತೆಯೋ ಹಳೆಯ ಪ್ರಭೇದದ ಮರಿಹುಳುವಿನ ವಿವರಣೆಗೂ ಅಷ್ಟೇ ಕೊಡಬಹುದು. ಹೊಸದನ್ನು ಬರೆಯುವವರು ಗಂಡಿನ ಚಿತ್ರದ ಜೊತೆಗೆ ಒಂದು ಕಾಲನ್ನು ಡಿಎನ್‌ಎಗೆಂದು ತೆಗೆದಿಟ್ಟು, ಮಾದರಿಗಳಲ್ಲಿ ಒಂದಿಷ್ಟನ್ನು ಆ ದೇಶದ ಮ್ಯೂಸಿಯಮ್ಮಿಗೆ ಕೊಟ್ಟು, ತೊರೆ ಎಷ್ಟು ಅಗಲ, ತಳ ಮರಳೋ ಬಂಡೆಯೋ, ಮೇಲೆ ಕಾಡಿದೆಯೋ ತರಕಾರಿ ಗದ್ದೆಯೋ ಎಂಬುದನ್ನು ನಾಲ್ಕು ಸಾಲು ಬರೆದರೆ ಪ್ರಬಂಧ ಅರ್ಧ ಪುಟ ಹೆಚ್ಚಾದೀತು. ಮಾಲಿಕಿಯ ಅಟ್ಲಾಸಿನಲ್ಲಿ ಗಂಡಿನ ಚಿತ್ರವಷ್ಟೇ ಇರುವ ಪ್ರಭೇದಗಳಲ್ಲಿ ತಮ್ಮ ಊರಿನ ತೊರೆಯಲ್ಲಿ ಸಿಗುವ ಹತ್ತನ್ನು ಆರಿಸಿ, ಅವುಗಳ ಕೋಶ ಹುಡುಕುವ ಕೆಲಸವನ್ನು ಒಂದು ಎಂ.ಎಸ್‌ಸಿ. ತಂಡಕ್ಕೆ ಹಂಚಬಹುದು. ಹತ್ತರಲ್ಲಿ ಮೂರು ಸಿಕ್ಕಿದರೂ ಮುಂದಿನ ವರ್ಷದ ನದಿ ಪರೀಕ್ಷೆಯಲ್ಲಿ ಮೂರು ಮರಿಹುಳುಗಳ ಎದುರು ಕುಟುಂಬದ ಬದಲು ಪ್ರಭೇದದ ಹೆಸರು ಬರೆಯಲು ಬರುತ್ತದೆ.